ವೀಡಿಯೋ ಸಂಕಲನಕ್ಕಾಗಿ ಹಳೆಯ ಲ್ಯಾಪ್‌ಟಾಪನ್ನು ಕೊಳ್ಳುವ ಹಾಗೂ ಉತ್ತಮಪಡಿಸುವ ಕ್ರಮ



ಗೋಪುರವನ್ನು ಕಟ್ಟಲು ಹೊರಟು, ಅಸ್ತಿವಾರದ ಹಂತದಲ್ಲಿಯೇ ಕೈ ಬರಿದಾಗಿ, ನೋಡುವವರ ನಗೆಗೆ ಗುರಿಯಾದ ಮನುಷ್ಯನ ದೃಷ್ಟಾಂತವನ್ನು ಲೂಕನ ಸುವಾರ್ತೆಯಲ್ಲಿ ನಾವೆಲ್ಲರೂ ಓದಿರುತ್ತೇವೆ. ಕೆಲಸಕ್ಕೆ ಕೈಹಾಕುವ ಮೊದಲು ಕುಳಿತು ವೆಚ್ಚವನ್ನು ಎಣಿಸಬೇಕೆಂಬ ಆ ಬುದ್ಧಿಮಾತು ಕಲ್ಲು ಗಾರೆಗಳ ಕಟ್ಟಡಕ್ಕೆ ಎಷ್ಟು ಸಲ್ಲುವದೋ, ಹಳೆಯ ಲ್ಯಾಪ್‌ಟಾಪೊಂದನ್ನು ಕೊಳ್ಳಲು ಹೊರಟ ಹುಡುಗಿಗೂ ಅಷ್ಟೇ ಸಲ್ಲುತ್ತದೆ.

ಇದನ್ನು ಸಣ್ಣ ವಿಷಯವೆಂದು ಎಣಿಸಬಾರದು. ಈಗ ಚಿತ್ರವನ್ನು ಹಿಡಿಯುವ ಸಾಧನವು ಮೊಬೈಲಿನ ರೂಪದಲ್ಲಿ ಬಹುಮಟ್ಟಿಗೆ ಪ್ರತಿ ಮನೆಯಲ್ಲಿಯೂ ಇದೆ. ಕ್ರಿಸ್ಮಸ್ ಗೀತೆಗಳು, ಶಾಲೆಯ ವಾರ್ಷಿಕೋತ್ಸವ, ಬೋರ್ಡಿಂಗಿನಲ್ಲಿ ಕಳೆದ ದಿನಗಳನ್ನು ನೆನೆಯುವ ಅಜ್ಜಿಯ ಮಾತು, ಇವೆಲ್ಲವೂ ಅದರಲ್ಲಿ ಸೇರುತ್ತವೆ. ಆದರೆ ಅವುಗಳನ್ನು ಆರಿಸಿ, ಕತ್ತರಿಸಿ, ಜೋಡಿಸಿ ನೋಡಬಲ್ಲ ರೂಪಕ್ಕೆ ತರುವವರು ವಿರಳ. ಕೊನೆಗೆ ಮೊಬೈಲಿನಲ್ಲಿ ಜಾಗ ಸಾಲದೆ ಅವು ಅಳಿದುಹೋಗುತ್ತವೆ. ಅಜ್ಜಿಯು ತೀರಿಹೋದ ಬಳಿಕ ಆ ಮಾತನ್ನು ಮತ್ತೆ ಹಿಡಿಯಲಾಗದು. ಎರಡು ಮೂರು ನಿಮಿಷಗಳ ಚಿತ್ರವನ್ನು ಮೊಬೈಲಿನಲ್ಲಿಯೇ ಜೋಡಿಸಬಹುದು ನಿಜ. ಆದರೆ ಹತ್ತಾರು ತುಣುಕುಗಳಿಂದ ಅರ್ಧ ಗಂಟೆಯ ಚಿತ್ರವನ್ನು ಮಾಡಬೇಕಾದರೆ ದೊಡ್ಡ ಪರದೆಯೂ ಕೀಲಿಮಣೆಯೂ ಬೇಕು. ಈ ವಿದ್ಯೆಯು ಕೆಲವರಿಗೆ ಜೀವನೋಪಾಯವೂ ಆಗಬಲ್ಲುದು. ಹೊಸ ಯಂತ್ರದ ಬೆಲೆ ಎಲ್ಲ ಮನೆಗಳಿಗೂ ನಿಲುಕುವಂಥದಲ್ಲ. ಹಳೆಯದನ್ನು ಕೊಳ್ಳೋಣವೆಂದರೆ, ತಾಯಿತಂದೆಗಳು ಒಮ್ಮೆ ಕೂಡಿಸಿ ಕೊಟ್ಟ ಹಣವು ಕೆಟ್ಟ ಯಂತ್ರಕ್ಕೆ ಹೋದರೆ ಎರಡನೆಯ ಸಲ ಕೇಳುವ ಬಾಯಿ ಎಲ್ಲಿಂದ ಬರಬೇಕು? ಆದಕಾರಣ ಈ ಪಾಠವನ್ನು ಬರೆಯಲಾಗಿದೆ.

ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಲ್ಯಾಪ್‌ಟಾಪನ್ನು ಕೊಳ್ಳುವಾಗ, ಮುಂದೆ ಬದಲಾಯಿಸಲಾಗದ ಭಾಗಗಳನ್ನು ನೋಡಿ ಕೊಳ್ಳಬೇಕು; ಬದಲಾಯಿಸಬಹುದಾದ ಭಾಗಗಳ ಕೊರತೆಗೆ ಅಂಜಬಾರದು. ಮಾರುವವರು ಹೆಚ್ಚಾಗಿ ಹೊಗಳುವದು ಎರಡನೆಯ ಬಗೆಯ ಭಾಗಗಳನ್ನೇ ಎಂಬದನ್ನು ನೆನಪಿನಲ್ಲಿಡಿರಿ.

೧. ಯಂತ್ರವು ಮಾಡಬೇಕಾದ ಕೆಲಸವೇನು?

ವೀಡಿಯೋ ಎಂಬದು ವೇಗವಾಗಿ ಒಂದರ ಹಿಂದೊಂದು ತೋರಿಸಲ್ಪಡುವ ನಿಶ್ಚಲ ಚಿತ್ರಗಳ ಸಾಲು. ಇವುಗಳಲ್ಲಿ ಒಂದೊಂದಕ್ಕೂ ಫ್ರೇಮು ಎಂದು ಹೆಸರು. ಸಾಮಾನ್ಯವಾಗಿ ಸೆಕೆಂಡಿಗೆ ೨೫ ಅಥವಾ ೩೦ ಫ್ರೇಮುಗಳಿರುತ್ತವೆ. ಫುಲ್ ಎಚ್.ಡಿ. ಎಂದು ಕರೆಯಲ್ಪಡುವ ಫ್ರೇಮಿನಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦, ಅಂತು ೨೦,೭೩,೬೦೦ ಚುಕ್ಕೆಗಳು ಇರುವವು. ಒಂದು ಚುಕ್ಕೆಯ ಬಣ್ಣಕ್ಕೆ ಮೂರು ಬೈಟುಗಳಂತೆ ಎಣಿಸಿದರೆ ಒಂದು ಫ್ರೇಮಿಗೆ ಸುಮಾರು ೬೨ ಲಕ್ಷ ಬೈಟು. ೨೫ ಫ್ರೇಮುಗಳಂತೆ ಒಂದು ಗಂಟೆಗೆ ಸುಮಾರು ೫೬೦ ಗಿಗಾಬೈಟು! ಇಷ್ಟನ್ನು ಯಾವ ಮೊಬೈಲು ತಾನೆ ಹೊತ್ತೀತು?

ಆದದರಿಂದ ಮೊಬೈಲು ಒಂದು ಉಪಾಯವನ್ನು ಮಾಡುತ್ತದೆ. ದಿನಚರಿ ಬರೆಯುವ ಹುಡುಗಿಯೊಬ್ಬಳು ಸೋಮವಾರದ ಪುಟವನ್ನು ಪೂರ್ಣವಾಗಿ ಬರೆದು, ಮಂಗಳವಾರ “ನಿನ್ನೆಯಂತೆಯೇ, ಇಷ್ಟು ಮಾತ್ರ ಭೇದ” ಎಂದೂ, ಬುಧವಾರ ಮತ್ತೆ ಹಾಗೆಯೇ ಎಂದೂ ಬರೆದಂತೆ, ಅದು ಆಗೊಂದು ಈಗೊಂದು ಫ್ರೇಮನ್ನು ಮಾತ್ರ ಪೂರ್ಣವಾಗಿ ಬರೆದಿಟ್ಟು ಉಳಿದವುಗಳಲ್ಲಿ ಭೇದವನ್ನಷ್ಟೇ ಬರೆಯುತ್ತದೆ. ಎಚ್.೨೬೪, ಎಚ್.೨೬೫ ಎಂಬವು ಇಂಥ ಸಂಕ್ಷೇಪ ಪದ್ಧತಿಗಳ ಹೆಸರುಗಳು. ಹೀಗೆ ಸೆಕೆಂಡಿಗೆ ೧೭ ಮೆಗಾಬಿಟ್ಟಿನ ಪ್ರಮಾಣದಲ್ಲಿ ಬರೆದರೆ ಒಂದು ಗಂಟೆಯ ಚಿತ್ರವು ಏಳೂವರೆ ಗಿಗಾಬೈಟಿನಷ್ಟರಲ್ಲಿ ಅಡಗುವದು.

ಆದರೆ ಇದರಿಂದ ಸಂಕಲನ ಮಾಡುವವಳಿಗೆ ಒಂದು ತೊಡಕು ಬರುತ್ತದೆ. ಶುಕ್ರವಾರ ಏನಾಯಿತೆಂದು ತಿಳಿಯಬೇಕಾದರೆ ಸೋಮವಾರದಿಂದ ಓದಿಕೊಂಡು ಬರಬೇಕಷ್ಟೆ? ಹಾಗೆಯೇ ನಡುವಿನ ಒಂದು ಫ್ರೇಮಿಗೆ ಹಾರಬೇಕಾದರೆ ಯಂತ್ರವು ಹಿಂದಿನ ಪೂರ್ಣ ಫ್ರೇಮಿನಿಂದ ಆರಂಭಿಸಿ ಎಲ್ಲವನ್ನೂ ಬಿಡಿಸಿಕೊಂಡು ಬರಬೇಕಾಗುತ್ತದೆ. ಹಿಂದೆ ಮುಂದೆ ಹೋಗಿ ಕತ್ತರಿಸುವದೇ ಸಂಕಲನವಾದದರಿಂದ, ದುರ್ಬಲ ಯಂತ್ರವು ತಡವರಿಸುವದು ಇಲ್ಲಿಯೇ. ಇನ್ನು ೪ಕೆ ಎಂಬ ಅಳತೆಯ ಚಿತ್ರದಲ್ಲಿ ಚುಕ್ಕೆಗಳು ಫುಲ್ ಎಚ್.ಡಿ.ಯ ನಾಲ್ಕು ಪಾಲು. ಆದಕಾರಣ ದುಡಿಮೆಯೂ ಆ ಪ್ರಮಾಣದಲ್ಲಿ ಹೆಚ್ಚುವದು.

೨. ಬದಲಾಗುವ ಭಾಗ, ಬದಲಾಗದ ಭಾಗ

ಲ್ಯಾಪ್‌ಟಾಪನ್ನು ಹೊಲಿಗೆಯ ಕೋಣೆಗೆ ಹೋಲಿಸೋಣ. ಪ್ರೊಸೆಸರು ಎಂಬದು ಕೆಲಸ ಮಾಡುವ ಕೈ. ರ್‍ಯಾಮ್ ಎಂಬದು ಬಟ್ಟೆಯನ್ನು ಹರಡಿಕೊಳ್ಳುವ ಮೇಜು. ಡಿಸ್ಕು ಎಂಬದು ಬಟ್ಟೆಯನ್ನಿಡುವ ಬೀರು. ಮೇಜು ಚಿಕ್ಕದಾದರೆ ಪದೇ ಪದೇ ಬಟ್ಟೆಯನ್ನು ಮಡಿಸಿ ಬೀರುವಿಗೆ ಇಟ್ಟು ತೆಗೆಯಬೇಕಾಗುವದು. ಬೀರುವಿನ ಬಾಗಿಲು ಬಿಗಿಯಾಗಿದ್ದರೆ ಅದಕ್ಕೂ ಹೊತ್ತು ಹಿಡಿಯುವದು. ಮೇಜನ್ನೂ ಬೀರುವನ್ನೂ ಬದಲಾಯಿಸಬಹುದು, ಕೈಯನ್ನು ಬದಲಾಯಿಸಲಾಗದು. ಈಗಿನ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರು, ಅದರ ಜತೆಯ ಗ್ರಾಫಿಕ್ಸು, ಇವೆರಡೂ ಬಹುಶಃ ಯಾವಾಗಲೂ ಮದರ್‌ಬೋರ್ಡಿಗೆ ಬೆಸೆದೇ ಇರುತ್ತವೆ.

ಇನ್ನೊಂದು ಎಚ್ಚರಿಕೆ ಅಗತ್ಯ. ಕೆಲವು ಯಂತ್ರಗಳಲ್ಲಿ ರ್‍ಯಾಮ್ ಕೂಡ ಬೆಸೆದಿರುತ್ತದೆ. ಲೆನೊವೊ ಸಂಸ್ಥೆಯು ೨೦೧೮ರಲ್ಲಿ ಹೊರತಂದ ಥಿಂಕ್‌ಪ್ಯಾಡ್ ಟಿ೪೮೦ ಎಂಬ ಮಾದರಿಯಲ್ಲಿ ರ್‍ಯಾಮಿಗೆ ಎರಡು ತೆರೆದ ಖಾನೆಗಳಿವೆ. ಅದೇ ಕಾಲದ ಟಿ೪೮೦ಎಸ್ ಎಂಬ ತೆಳುವಾದ ಮಾದರಿಯಲ್ಲಿ ಒಂದು ಪಾಲು ಬೆಸೆದಿದ್ದು, ಖಾನೆ ಒಂದೇ. ಹೆಸರಿನ ಕೊನೆಯ ಒಂದಕ್ಷರದಿಂದ ಇಷ್ಟು ವ್ಯತ್ಯಾಸ! ಆಪಲ್ ಸಂಸ್ಥೆಯು ೨೦೨೦ರಲ್ಲಿ ತಂದ ಎಂ೧ ಮ್ಯಾಕ್‌ಬುಕ್ ಏರ್‌ನಲ್ಲಿಯಂತೂ ರ್‍ಯಾಮ್ ಮತ್ತು ಡಿಸ್ಕು ಎರಡನ್ನೂ ಹೆಚ್ಚಿಸಲು ಬರುವದಿಲ್ಲ. ಅದು ವೀಡಿಯೋ ಸಂಕಲನಕ್ಕೆ ಒಳ್ಳೆಯ ಯಂತ್ರವೇ. ಆದರೆ ಕೊಳ್ಳುವ ದಿನ ಎಷ್ಟಿರುವದೋ ಕೊನೆಯ ದಿನವೂ ಅಷ್ಟೇ ಎಂದು ತಿಳಿದು, ಸಾಧ್ಯವಾದರೆ ೧೬ ಜಿ.ಬಿ.ಯದನ್ನೇ ಹುಡುಕಬೇಕು.

೩. ಹೆಸರಿನ ಮೋಸ

ಅಂಗಡಿಯಲ್ಲಿ “ಇದು ಐ೫” ಎಂದು ಹೇಳಿ ಬೆಲೆ ಕೇಳುವದುಂಟು. ಇಷ್ಟರಿಂದ ಏನೂ ತಿಳಿಯದು. ಇಂಟೆಲ್ ಸಂಸ್ಥೆಯ ಐ೫-೭೨೦೦ಯು ಎಂಬ ಪ್ರೊಸೆಸರಿನಲ್ಲಿ ಎರಡು ಕೋರುಗಳಿವೆ. ೨೦೧೭ರಲ್ಲಿ ಬಂದ ಐ೫-೮೨೫೦ಯು ಎಂಬದರಲ್ಲಿ ನಾಲ್ಕು. ಎರಡೂ ಐ೫ ಎಂಬ ಒಂದೇ ಹೆಸರಿನವು. ಒಂದರ ಬಳಿ ಎರಡು ಕೈ, ಇನ್ನೊಂದರ ಬಳಿ ನಾಲ್ಕು ಕೈ. ಈ ಸಂಖ್ಯೆಯ ಮೊದಲ ಅಂಕೆಯು ತಲೆಮಾರನ್ನು ತಿಳಿಸುತ್ತದೆ: ೭ ಎಂದರೆ ಏಳನೆಯದು, ೮ ಎಂದರೆ ಎಂಟನೆಯದು, ೧೦೨೧೦ ಎಂಬಂತೆ ಐದಂಕೆಗಳಿದ್ದರೆ ಮೊದಲಿನ ಎರಡನ್ನು ಕೂಡಿಸಿ ಹತ್ತನೆಯದೆಂದು ಓದಬೇಕು. ಕೊನೆಯಲ್ಲಿ ಯು ಎಂಬ ಅಕ್ಷರವಿದ್ದರೆ ಅದು ವಿದ್ಯುತ್ತನ್ನು ಮಿತವಾಗಿ ಬಳಸುವ ಬಗೆಯದು. ಎಚ್ ಎಂಬದಿದ್ದರೆ ಹೆಚ್ಚು ಬಲವುಳ್ಳದ್ದು, ಹೆಚ್ಚು ಕಾಯುವದು ಸಹ.

ಎಂಟನೆಯ ತಲೆಮಾರನ್ನು ಕನಿಷ್ಠ ಮಿತಿಯಾಗಿ ಇಟ್ಟುಕೊಳ್ಳಲು ಇನ್ನೂ ಎರಡು ಕಾರಣಗಳಿವೆ. ಮೊದಲನೆಯದು, ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ೨೦೨೫ನೆಯ ಅಕ್ಟೋಬರ್ ೧೪ರಂದು ನಿಲ್ಲಿಸಿತು. ವಿಂಡೋಸ್ ೧೧ಕ್ಕೆ ಒಪ್ಪಿತವಾದ ಇಂಟೆಲ್ ಪ್ರೊಸೆಸರುಗಳ ಪಟ್ಟಿಯು, ಕೆಲವು ಅಪವಾದಗಳ ಹೊರತು, ಎಂಟನೆಯ ತಲೆಮಾರಿನಿಂದಲೇ ಆರಂಭವಾಗುತ್ತದೆ. ಎರಡನೆಯದು, ಆ ತಲೆಮಾರಿನ ಪ್ರೊಸೆಸರಿನೊಳಗಿನ ಗ್ರಾಫಿಕ್ಸು ಮೊಬೈಲುಗಳು ಸಾಮಾನ್ಯವಾಗಿ ಬರೆಯುವ ಎಚ್.೨೬೪ ಮತ್ತು ಎಚ್.೨೬೫ ಚಿತ್ರಗಳನ್ನು ಬಿಡಿಸುವ ಕೆಲಸದಲ್ಲಿ ತಾನೇ ಕೈಗೂಡಿಸಬಲ್ಲುದು.

೪. ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆ

ಹಳೆಯ ಲ್ಯಾಪ್‌ಟಾಪುಗಳಲ್ಲಿ ಅನೇಕವು ಕಂಪೆನಿಗಳಲ್ಲಿ ಮೂರು ನಾಲ್ಕು ವರುಷ ದುಡಿದು, ಒಟ್ಟಾಗಿ ಮಾರಲ್ಪಟ್ಟು ಬಂದವು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಒಂದೇ ಮಾದರಿಯ ಹಲವು ಯಂತ್ರಗಳನ್ನು ನೋಡಿ ಆರಿಸಬಹುದು. ಹಗಲಿನಲ್ಲಿ, ಮನೆಯ ಹಿರಿಯರೊಬ್ಬರ ಸಂಗಡ, ಒಂದು ಗಂಟೆಯಾದರೂ ಬಿಡುವು ಮಾಡಿಕೊಂಡು ಹೋಗಬೇಕು. ನಿಮ್ಮ ಮೊಬೈಲಿನಲ್ಲಿ ತೆಗೆದ ಐದು ನಿಮಿಷದ ಚಿತ್ರವೊಂದನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಪರೀಕ್ಷೆಯ ಕ್ರಮವು ಹೀಗೆ:

ಮೊದಲು ಯಂತ್ರವನ್ನು ಮುಚ್ಚಿ ಮೇಜಿನ ಮೇಲಿಟ್ಟು ನೋಡಿರಿ. ಅದು ಅಲುಗಾಡಿದರೆ, ಅಥವಾ ಬೆರಳಾಡಿಸುವ ಟಚ್‌ಪ್ಯಾಡು ಉಬ್ಬಿದ್ದರೆ, ಒಳಗಿನ ಬ್ಯಾಟರಿಯು ಊದಿಕೊಂಡಿರಬಹುದು. ಊದಿದ ಬ್ಯಾಟರಿಗೆ ಬೆಂಕಿಯ ಭಯವುಂಟು, ಅಂಥದನ್ನು ಬಿಟ್ಟುಬಿಡಿರಿ. ಮುಚ್ಚಳವನ್ನು ನಿಧಾನವಾಗಿ ತೆರೆದು ಕೀಲುಗಳು ಬಿಗಿಯಾಗಿವೆಯೋ ಎಂದು ಪರೀಕ್ಷಿಸಿರಿ.

ಎರಡನೆಯದಾಗಿ, ಯಂತ್ರವನ್ನು ಆರಂಭಿಸಿ ಬಯಾಸ್ ಎಂಬ ಮೂಲ ವ್ಯವಸ್ಥೆಯೊಳಗೆ ಹೋಗಲು ಹೇಳಿರಿ. ಅದು ಗುಪ್ತಪದವನ್ನು ಕೇಳಿ, ಮಾರುವವನಿಗೆ ಗೊತ್ತಿಲ್ಲದೆ ಹೋದರೆ ಕೊಳ್ಳಕೂಡದು. ಕೆಲವು ಮಾದರಿಗಳಲ್ಲಿ ಈ ಬೀಗವನ್ನು ತೆಗೆಯಬೇಕಾದರೆ ಮದರ್‌ಬೋರ್ಡನ್ನೇ ಬದಲಾಯಿಸಬೇಕಾಗುವದು. ಮ್ಯಾಕ್‌ಬುಕ್ ಆದರೆ ಹಿಂದಿನ ಒಡೆಯರ ಖಾತೆಯಿಂದ ಬಿಡುಗಡೆಯಾಗಿದೆಯೋ ಎಂದು ಕಣ್ಣಾರೆ ನೋಡಬೇಕು.

ಮೂರನೆಯದಾಗಿ, ಪ್ರೊಸೆಸರಿನ ಪೂರ್ಣ ಸಂಖ್ಯೆಯನ್ನು ಪರದೆಯ ಮೇಲೆ ಓದಿರಿ. ಹೊರಗೆ ಅಂಟಿಸಿದ ಚೀಟಿಯನ್ನು ನಂಬಬೇಡಿರಿ. ಪರದೆಯ ಅಳತೆ ೧೯೨೦ಕ್ಕೆ ೧೦೮೦ ಇರಬೇಕು. ಟಿ೪೮೦ರಂಥ ಮಾದರಿಗಳು ೧೩೬೬ಕ್ಕೆ ೭೬೮ ಅಳತೆಯ ಅಗ್ಗದ ಪರದೆಯೊಂದಿಗೂ ಮಾರಲ್ಪಟ್ಟಿವೆ. ಅವುಗಳಲ್ಲಿ ಓರೆಯಾಗಿ ನೋಡಿದರೆ ಬಣ್ಣಗಳು ಮಾರ್ಪಡುತ್ತವೆ. ಮುಖದ ಬಣ್ಣವನ್ನು ಸರಿಪಡಿಸಬೇಕಾದವಳಿಗೆ ಅದು ನೆರವಾಗದು.

ನಾಲ್ಕನೆಯದಾಗಿ, ಕೀಲಿಗಳನ್ನೆಲ್ಲ ಒಂದೊಂದಾಗಿ ಒತ್ತಿ, ಎಲ್ಲ ಬಿಲಗಳಿಗೂ ಪೆನ್‌ಡ್ರೈವನ್ನು ಹಾಕಿ ನೋಡಿರಿ. ಟಿ೪೮೦ ಕಾಲದ ಥಿಂಕ್‌ಪ್ಯಾಡುಗಳಲ್ಲಿ ಥಂಡರ್‌ಬೋಲ್ಟಿನ ಹಳೆಯ ಫರ್ಮ್‌ವೇರಿನಿಂದ ಟೈಪ್-ಸಿ ಬಿಲವು ಕೆಲಸ ನಿಲ್ಲಿಸುವ ದೋಷವಿತ್ತು. ಲೆನೊವೊ ಅದಕ್ಕೆ ತಿದ್ದುಪಡಿಯನ್ನು ಹೊರಡಿಸಿದೆ. ಆದದರಿಂದ ಎರಡು ಟೈಪ್-ಸಿ ಬಿಲಗಳಲ್ಲಿಯೂ ಚಾರ್ಜರನ್ನು ಹಾಕಿ ನೋಡಿ, ಮನೆಗೆ ಬಂದ ಕೂಡಲೆ ಆ ತಿದ್ದುಪಡಿಯನ್ನು ಅಳವಡಿಸಬೇಕು.

ಐದನೆಯದಾಗಿ, ನಿಮ್ಮ ಚಿತ್ರವನ್ನು ಯಾವುದಾದರೂ ಸಂಕಲನದ ಸಾಫ್ಟ್‌ವೇರಿನಲ್ಲಿ ತೆರೆದು ಹೊಸ ಫೈಲಾಗಿ ಬರೆಯಿಸಿರಿ. ಯಂತ್ರವು ನಿಜವಾಗಿ ದುಡಿಯುವದು ಆಗಲೇ. ಫ್ಯಾನು ಕರ್ಕಶವಾಗಿ ಕೂಗುವದೋ, ಯಂತ್ರವು ತಾನಾಗಿ ಆರಿಹೋಗುವದೋ, ಆರಂಭದಲ್ಲಿ ಚುರುಕಾಗಿದ್ದು ಬಳಿಕ ಕುಂಟುವದೋ ಎಂದು ಕಾದು ನೋಡಿರಿ. ಬಿಸಿಯಾದ ಮೇಲೆ ಬಹಳ ನಿಧಾನವಾದರೆ ಒಳಗೆ ಧೂಳು ತುಂಬಿರಬಹುದು, ಅಥವಾ ಪ್ರೊಸೆಸರಿನ ಮೇಲಿನ ಲೇಪವು ಒಣಗಿರಬಹುದು. ಇದು ಸರಿಪಡಿಸಬಹುದಾದ ದೋಷ. ಆದರೆ ಅದರ ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕು.

ಕೊನೆಗೆ, ಯಂತ್ರದ ಕ್ರಮಸಂಖ್ಯೆಯನ್ನು ಬರೆದ ಬಿಲ್ಲನ್ನೂ, ಇಷ್ಟು ದಿನದೊಳಗೆ ಕೆಟ್ಟರೆ ಬದಲಾಯಿಸಿ ಕೊಡುತ್ತೇನೆಂಬ ಬರಹವನ್ನೂ ಪಡೆಯಬೇಕು. ಬಿಲ್ಲಿಲ್ಲದ ಅಗ್ಗದ ಯಂತ್ರವು ಕದ್ದ ಮಾಲಾಗಿರಬಹುದು. ಬೇರೊಬ್ಬ ಹುಡುಗಿಯ ಕಣ್ಣೀರಿನಿಂದ ನಮಗೆ ಲಾಭವಾಗಕೂಡದು.

೫. ಉತ್ತಮಪಡಿಸುವ ಕ್ರಮ

ಬೆಲೆಯನ್ನು ಹೋಲಿಸುವಾಗ ಅಂಗಡಿಯವನು ಹೇಳಿದ ಮೊತ್ತವನ್ನು ಮಾತ್ರ ನೋಡದೆ, ಅದಕ್ಕೆ ರ್‍ಯಾಮ್, ಡಿಸ್ಕು, ಬ್ಯಾಟರಿಗಳ ಅಂದಿನ ದರವನ್ನು ಕೂಡಿಸಿ ಲೆಕ್ಕ ಹಾಕಿರಿ. ರ್‍ಯಾಮಿನ ದರವು ಬಹಳ ಏರಿಳಿಯುವದರಿಂದ ಹಳೆಯ ಲೆಕ್ಕವನ್ನು ನಂಬಬಾರದು. ಎಲ್ಲವನ್ನೂ ಒಂದೇ ಸಲ ಮಾಡಬೇಕಾಗಿಲ್ಲ. ಕೈಯಲ್ಲಿ ಹಣ ಕೂಡಿದಂತೆ ಈ ಅನುಕ್ರಮದಲ್ಲಿ ಮಾಡಬಹುದು.

ಮೊದಲನೆಯದು ಡಿಸ್ಕು. ತಿರುಗುವ ಹಾರ್ಡ್‌ಡಿಸ್ಕಿದ್ದರೆ ಅದನ್ನು ತೆಗೆದು ಎಸ್.ಎಸ್.ಡಿ. ಹಾಕಿಸಬೇಕು. ಹಾರ್ಡ್‌ಡಿಸ್ಕು ಸೆಕೆಂಡಿಗೆ ಸುಮಾರು ೧೦೦ ಮೆಗಾಬೈಟು ಓದಿದರೆ, ಸಾಟಾ ಬಗೆಯ ಎಸ್.ಎಸ್.ಡಿ. ೫೦೦ಕ್ಕೂ ಮಿಕ್ಕಿ ಓದುತ್ತದೆ. ಮೊದಲೇ ಎಸ್.ಎಸ್.ಡಿ. ಇದ್ದರೆ ಅದರ ಆರೋಗ್ಯವನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರಿನಿಂದ ತಿಳಿಯಬಹುದು.

ಎರಡನೆಯದು ರ್‍ಯಾಮ್. ೮ ಜಿ.ಬಿ.ಯಲ್ಲಿ ಕೆಲಸವು ನಡೆದೀತು, ೧೬ ಜಿ.ಬಿ.ಯಲ್ಲಿ ಸುಗಮವಾದೀತು. ಎರಡು ಖಾನೆಗಳಿದ್ದರೆ ೧೬ರ ಒಂದಕ್ಕಿಂತ ೮ರ ಎರಡು ಮೇಲು. ಯಾಕಂದರೆ ಎರಡು ದಾರಿಗಳಿಂದ ಒಟ್ಟಿಗೆ ಸಾಗಾಟವಾಗುವದು, ಮತ್ತು ಬೇರೆ ಗ್ರಾಫಿಕ್ಸಿಲ್ಲದ ಯಂತ್ರದಲ್ಲಿ ಚಿತ್ರದ ಕೆಲಸವೂ ಇದೇ ರ್‍ಯಾಮನ್ನು ಬಳಸುವದು.

ಮೂರನೆಯದು ಬ್ಯಾಟರಿ. ವಿಂಡೋಸ್ ತಾನೇ ಬ್ಯಾಟರಿಯ ವರದಿಯನ್ನು ಬರೆದುಕೊಡಬಲ್ಲುದು. ಅದರಲ್ಲಿ ಹೊಸದಾಗಿದ್ದಾಗಿನ ಶಕ್ತಿಯನ್ನೂ ಈಗಿನ ಶಕ್ತಿಯನ್ನೂ ಹೋಲಿಸಿರಿ. ಮನೆಯಲ್ಲಿ ವಿದ್ಯುತ್ತಿಗೆ ಜೋಡಿಸಿಕೊಂಡೇ ಕೆಲಸ ಮಾಡುವವಳಿಗೆ ಇದು ಅವಸರವಲ್ಲ. ಆದರೆ ಕರೆಂಟು ಹೋದೊಡನೆ ಕೆಲಸವೂ ಹೋಗದಂತೆ, ಅರ್ಧ ಗಂಟೆ ನಿಲ್ಲುವಷ್ಟಾದರೂ ಶಕ್ತಿಯಿರಬೇಕು.

ಯಂತ್ರವನ್ನು ಬಿಚ್ಚುವಾಗ ಚಾರ್ಜರನ್ನು ತೆಗೆದು, ಟಿ೪೮೦ರಂತೆ ಒಳಗೂ ಬ್ಯಾಟರಿಯಿರುವವುಗಳಲ್ಲಿ ಬಯಾಸ್‌ನಿಂದ ಅದನ್ನು ನಿಷ್ಕ್ರಿಯಗೊಳಿಸಿ, ಹೊರಗಿನದನ್ನು ಕಳಚಿ, ಆಮೇಲೆ ತಿರುಪುಗಳಿಗೆ ಕೈಯಿಡಬೇಕು. ತಿರುಪುಗಳನ್ನು ತೆಗೆದ ಕ್ರಮದಲ್ಲಿ ಕಾಗದದ ಮೇಲಿಟ್ಟುಕೊಂಡರೆ ಕೂಡಿಸುವದು ಸುಲಭ. ಇದು ಗಂಡಸರ ಕೆಲಸವೆಂದು ಯಾರಾದರೂ ಹೇಳಿದರೆ, ಹೊಲಿಗೆಯ ಯಂತ್ರವನ್ನು ಬಿಚ್ಚಿ ಎಣ್ಣೆ ಬಿಟ್ಟು ಕೂಡಿಸಿದ ನಿಮ್ಮ ತಾಯಂದಿರನ್ನು ನೆನಪಿಸಿಕೊಳ್ಳಿರಿ. ಕೊನೆಗೆ ಡಿಸ್ಕನ್ನು ಪೂರ್ಣವಾಗಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿರಿ. ಹಿಂದಿನವರ ಕಡತಗಳೂ ಕೆಡುಕೂ ನಿಮ್ಮ ಮನೆಯೊಳಗೆ ಬರುವದು ಬೇಡ.

೬. ಕಾಗದದ ಮಾದರಿಯ ನೀತಿ

ಇಷ್ಟೆಲ್ಲ ಮಾಡಿದರೂ ೪ಕೆ ಚಿತ್ರವು ಇಂಥ ಯಂತ್ರದಲ್ಲಿ ತಡವರಿಸೀತು. ಆಗ ಹೊಸ ಯಂತ್ರಕ್ಕಾಗಿ ಆಸೆಪಡುವ ಮೊದಲು ಹೊಲಿಗೆಯ ತರಗತಿಯಲ್ಲಿ ಕಲಿತದ್ದನ್ನು ನೆನೆಯಿರಿ. ಬೆಲೆಯುಳ್ಳ ರೇಷ್ಮೆಗೆ ನೇರವಾಗಿ ಕತ್ತರಿ ಹಾಕುವದಿಲ್ಲ. ಮೊದಲು ಕಾಗದದಲ್ಲಿ ಮಾದರಿಯನ್ನು ಕತ್ತರಿಸಿ ಸರಿಮಾಡಿ, ಬಳಿಕ ಅದರಂತೆ ಬಟ್ಟೆಯನ್ನು ಕತ್ತರಿಸುತ್ತೇವೆ. ವೀಡಿಯೋದಲ್ಲಿ ಈ ಕಾಗದದ ಮಾದರಿಗೆ ಪ್ರಾಕ್ಸಿ ಎಂದು ಹೆಸರು. ಸಾಫ್ಟ್‌ವೇರು ಪ್ರತಿಯೊಂದು ತುಣುಕಿಗೂ ಚಿಕ್ಕ, ಹಗುರವಾದ ನಕಲನ್ನು ಮಾಡಿಕೊಳ್ಳುತ್ತದೆ. ನೀವು ಕತ್ತರಿಸಿ ಜೋಡಿಸುವದೆಲ್ಲ ಆ ನಕಲಿನ ಮೇಲೆ. ಕೊನೆಯಲ್ಲಿ ಪೂರ್ಣ ಚಿತ್ರವನ್ನು ಬರೆಯುವಾಗ ಅದು ತಾನಾಗಿ ಮೂಲವನ್ನೇ ತೆಗೆದುಕೊಳ್ಳುತ್ತದೆ. ನಕಲು ಮಾಡಲು ಸ್ವಲ್ಪ ಹೊತ್ತು ಬೇಕು. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಸಿದ್ಧವಾಗಿರುವದು.

ಕೆಡೆನ್‌ಲೈವ್, ಶಾಟ್‌ಕಟ್ ಎಂಬ ಉಚಿತ ಸಾಫ್ಟ್‌ವೇರುಗಳಲ್ಲಿ ಈ ಅನುಕೂಲವಿದೆ. ಇವು ಸಾಧಾರಣ ಯಂತ್ರಕ್ಕೆ ಒಗ್ಗುತ್ತವೆ. ಡಾವಿಂಚಿ ರಿಸಾಲ್ವ್ ಎಂಬದರ ಉಚಿತ ಆವೃತ್ತಿಯು ಬಹು ಸಮರ್ಥವಾದರೂ ಗ್ರಾಫಿಕ್ಸಿನ ಬಲವನ್ನು ಬಹಳವಾಗಿ ಬೇಡುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಆ ಉಚಿತ ಆವೃತ್ತಿಯು ಎಚ್.೨೬೪ ಚಿತ್ರವನ್ನು ತೆರೆಯುವದಿಲ್ಲವೆಂಬದನ್ನೂ ತಿಳಿದಿರಬೇಕು. ಇನ್ನೊಂದು ಮಾತು: ಮೊಬೈಲುಗಳು ಸೆಕೆಂಡಿಗೆ ಇಷ್ಟೇ ಫ್ರೇಮೆಂಬ ನಿಯಮವನ್ನು ಒಮ್ಮೊಮ್ಮೆ ಪಾಲಿಸದೆ ಬರೆಯುವದರಿಂದ, ತುಟಿಗೂ ಮಾತಿಗೂ ಹೊಂದಿಕೆ ತಪ್ಪಬಹುದು. ಅಂಥ ತುಣುಕುಗಳನ್ನು ಸಂಕಲನಕ್ಕೆ ಮುಂಚೆಯೇ ಸ್ಥಿರವೇಗಕ್ಕೆ ಮಾರ್ಪಡಿಸಿಕೊಳ್ಳುವದು ಲೇಸು.

೭. ಕೊನೆಯ ಮಾತು

ಹಳೆಯ ಯಂತ್ರವು ಯಾವ ದಿನ ನಿಂತೀತೆಂದು ಹೇಳಲಾಗದು. ಹೊಸದರ ವಿಷಯದಲ್ಲಿಯೂ ಇದು ನಿಜವೇ. ಆದದರಿಂದ ಮೂಲ ಚಿತ್ರಗಳ ಮೂರು ಪ್ರತಿಗಳಿರಲಿ: ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. ಯಂತ್ರವು ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಅಜ್ಜಿಯ ಧ್ವನಿಯು ಯಾವ ಅಂಗಡಿಯಲ್ಲಿಯೂ ದೊರೆಯದು. ಗೋಪುರದ ಲೆಕ್ಕದಲ್ಲಿ ಈ ಮೂರನೆಯ ಪ್ರತಿಯ ಡಿಸ್ಕನ್ನೂ ಮೊದಲೇ ಸೇರಿಸಿಕೊಂಡವಳೇ ಜಾಣೆ.

ಅಭ್ಯಾಸದ ಪ್ರಶ್ನೆಗಳು

೧. ಐ೫-೭೨೦೦ಯು ಮತ್ತು ಐ೫-೮೨೫೦ಯು ಇವುಗಳ ಭೇದವೇನು? ಹೆಸರನ್ನು ಓದುವ ಕ್ರಮವನ್ನು ವಿವರಿಸಿರಿ.

೨. ಒಂದು ಯಂತ್ರದಲ್ಲಿ ಒಳ್ಳೆಯ ಪ್ರೊಸೆಸರೂ ೪ ಜಿ.ಬಿ. ರ್‍ಯಾಮೂ ಇವೆ, ಇನ್ನೊಂದರಲ್ಲಿ ದುರ್ಬಲ ಪ್ರೊಸೆಸರೂ ೧೬ ಜಿ.ಬಿ. ರ್‍ಯಾಮೂ ಇವೆ. ಬೆಲೆ ಒಂದೇ ಆದರೆ ಯಾವುದನ್ನು ಆರಿಸುವಿರಿ? ಆರಿಸುವ ಮೊದಲು ಮತ್ತೇನನ್ನು ವಿಚಾರಿಸುವಿರಿ?

೩. ಸೆಕೆಂಡಿಗೆ ೧೭ ಮೆಗಾಬಿಟ್ಟಿನಂತೆ ತೆಗೆದ ಎಂಟು ಗಂಟೆಗಳ ಚಿತ್ರಕ್ಕೆ ಎಷ್ಟು ಗಿಗಾಬೈಟು ಜಾಗ ಬೇಕು? ಮೂರು ಪ್ರತಿಗಳಿಗೆ ಒಟ್ಟು ಎಷ್ಟು?

೪. ನಿಮ್ಮ ಮನೆಯಲ್ಲಿ ಅಥವಾ ಸಭೆಯಲ್ಲಿ, ಈ ವರುಷವೇ ಯಾರ ಮಾತನ್ನು ಚಿತ್ರಿಸಿಡಬೇಕೆಂದು ಯೋಚಿಸಿ ಬರೆಯಿರಿ.